ದೊಡ್ಡ ಪಿಸ್ಟನ್ ಹಾಕಿಸೋ ಮುಂಚೆ ಬ್ಲಾಕ್ ಕಡೆ ನೋಡಿ

ಈ ವಾರ ಒಂದೇ ಪ್ರಶ್ನೆ. ಇಂಗ್ಲೆಂಡಿನಲ್ಲಿರುವ ನಮ್ಮ ಕೇಳುಗರೊಬ್ಬರು ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರು ತಗೊಂಡಿದ್ದಾರೆ. ಎಂಜಿನ್ ಬಿಚ್ಚಿ ಆಗಿದೆ. ಬ್ಲಾಕ್ ಕಾರಿನ ಜೊತೆಗೇ ಬಂದದ್ದು, ಬೋರ್ ಇನ್ನೂ ಸ್ಟ್ಯಾಂಡರ್ಡ್ ಸೈಜ್, ಆದರೆ ಸವೆದಿದೆ. ಬೋರಿಂಗ್ ಮಾಡೋರು ಹೇಳಿದ್ರಂತೆ: "ಹೇಗೂ ಬೋರ್ ಮಾಡಿಸ್ತೀರಿ, ಖರ್ಚು ಒಂದೇ. ನೇರವಾಗಿ ಅರವತ್ತು ಥೌ ಪಿಸ್ಟನ್ ಹಾಕಿಸಿಬಿಡಿ, ಪವರೂ ಬರುತ್ತೆ." ಹಾಕಿಸಲಾ ಸರ್ ಅಂತ ಕೇಳಿದ್ದಾರೆ.

ಬೇಡ ಅಂತೀನಿ ನಾನು. ಕಾರಣ ಹೇಳ್ತೀನಿ, ಕೇಳಿ.

ಈ ಎಂಜಿನ್ ನಮಗೆ ಪೂರ್ತಿ ಅಪರಿಚಿತವೇನಲ್ಲ. ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇತ್ತಲ್ಲ, ಅದೂ ಇದೇ ಬಿಎಂಸಿ ಬಿ-ಸಿರೀಸ್ ಮನೆತನದ್ದು. 1955ರ ಎಂಜಿಎ ಕಾರಿನಲ್ಲೂ ಅದೇ 1489 ಸಿಸಿ. ಆಮೇಲೆ 1588, 1622 ಆಯ್ತು, 1962ರಲ್ಲಿ ಎಂಜಿಬಿ ಬಂದಾಗ 1798. ತಮಾಷೆ ಏನಂದ್ರೆ ಇಷ್ಟರಲ್ಲೂ ಸ್ಟ್ರೋಕ್ ಬದಲಾಗಲೇ ಇಲ್ಲ, 88.9 ಮಿಲಿಮೀಟರೇ. ಬೋರ್ ಮಾತ್ರ 73ರಿಂದ 80.26ಕ್ಕೆ ಬೆಳೀತು. ಅಂದ್ರೆ ದೊಡ್ಡ ಪಿಸ್ಟನ್ ಹಾಕೋ ಕೆಲಸವನ್ನ ಕಂಪನಿಯೇ ಸಾಕಷ್ಟು ಮಾಡಿ ಮುಗಿಸಿದೆ. ನಮಗೆ ಉಳಿಸಿರೋ ಜಾಗ ಕಡಿಮೆ.

ಈಗ ಲೆಕ್ಕ. ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ. 60 ಥೌ ಅಂದ್ರೆ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಬೋರ್ 81.78 ಆಗುತ್ತೆ, 1798 ಸಿಸಿ ಹೋಗಿ 1868 ಆಗುತ್ತೆ. ಎಪ್ಪತ್ತು ಸಿಸಿ, ಶೇಕಡಾ ನಾಲ್ಕರಷ್ಟೂ ಇಲ್ಲ. ಹೊಸದರಲ್ಲಿ 95 ಹಾರ್ಸ್‌ಪವರ್ ಇದ್ದ ಎಂಜಿನ್‌ಗೆ ಹೆಚ್ಚೆಂದರೆ ಮೂರೂವರೆ ನಾಲ್ಕು ಸೇರಬಹುದು. ರಸ್ತೆಯಲ್ಲಿ ಅದು ಗೊತ್ತೂ ಆಗಲ್ಲ. ಪವರ್ ಬೇಕಾದ್ರೆ ಹೆಡ್ ಕೆಲಸ ಮಾಡಿಸಿ, ಕ್ಯಾಮ್ ನೋಡಿ.

ಕೊಡೋದು ಏನು? ಈ ಎಂಜಿನ್‌ಗೆ ಸಾಮಾನ್ಯವಾಗಿ ಸಿಗೋ ಓವರ್‌ಸೈಜ್ ಪಿಸ್ಟನ್‌ಗಳು 20, 30, 40, 60 ಥೌ. ಒಂದೊಂದು ಸೈಜೂ ಒಂದೊಂದು ಸಲದ ಎಂಜಿನ್ ಕೆಲಸ ಅಂತ ಇಟ್ಕೊಳ್ಳಿ. ನೇರ 60ಕ್ಕೆ ಹಾರಿದ್ರೆ ಮುಂದಿನ ಎರಡು ಮೂರು ಸಲದ್ದನ್ನ ಇವತ್ತೇ ಲೇತಿನ ಚೂರು ಮಾಡಿ ಗುಡಿಸಿ ಹಾಕಿದ ಹಾಗೆ. ನಾಳೆ ಒಂದು ರಿಂಗ್ ಮುರಿದು ಗೀರು ಬಿದ್ರೆ ಲೈನರ್ ಹಾಕಿಸಬೇಕು. ಕಾರಿನ ತಯಾರಿಕೆ ನಿಂತದ್ದು 1980ರಲ್ಲಿ. ಹುಟ್ಟಿನಿಂದ ಕಾರಿನ ಜೊತೆಗಿರೋ ಬ್ಲಾಕ್ ಹೋದ್ರೆ ಅದರ ಬದಲು ಬರೋದು ಇನ್ಯಾವುದೋ ಕಾರಿನದ್ದೇ.

ಹಾಗಾದ್ರೆ ಎಷ್ಟು ಬೋರ್ ಮಾಡಿಸಬೇಕು? ಎಷ್ಟು ಸವೆದಿದೆಯೋ ಅದನ್ನ ಬೋರ್ ಗೇಜ್ ಹೇಳಬೇಕು, ಬಾಯಿ ಮಾತಲ್ಲ. ನಾಲ್ಕೂ ಸಿಲಿಂಡರ್‌ನ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಸಿ. ಹೆಚ್ಚು ಸವೆಯೋದು ಮೇಲಿನ ರಿಂಗ್ ತಿರುಗಿ ಕೆಳಗಿಳಿಯೋ ಜಾಗದಲ್ಲಿ, ಅದೂ ಒಂದು ಪಕ್ಕಕ್ಕೆ ಜಾಸ್ತಿ. ಇಲ್ಲೊಂದು ಮರ್ಮ ಇದೆ. ಒಂದೇ ಪಕ್ಕ ಎಂಟು ಥೌ ತಿಂದಿದ್ರೆ, ಹಳೇ ನಡುಬಿಂದು ಉಳಿಸಿ ಬೋರ್ ಮಾಡೋವಾಗ ಎದುರು ಪಕ್ಕದಲ್ಲೂ ಎಂಟು ತೆಗೀಬೇಕು. ಹದಿನಾರು ಆಯ್ತು. ಹೋನಿಂಗ್‌ಗೆ ಸ್ವಲ್ಪ ಬಿಡಬೇಕು. ಅಂದ್ರೆ 20ರಲ್ಲಿ ಮುಗಿಯಬಹುದು, ಇಲ್ಲ 30ಕ್ಕೆ ಹೋಗಬೇಕಾಗಬಹುದು. ಗೀರು ಪೂರ್ತಿ ಹೋಗೋ ಅತಿ ಚಿಕ್ಕ ಸೈಜ್ ಯಾವುದೋ ಅದೇ ನಿಮ್ಮ ಸೈಜ್.

ಅಳತೆಯೇ 60 ಕೇಳ್ತು ಅಂದ್ರೆ ಬೇರೆ ಮಾತು, ಆಗ ಮಾಡಿಸಿ. ಆದರೆ ಮೊದಲು ಅಲ್ಟ್ರಾಸೋನಿಕ್ ಗೇಜ್ ಇಟ್ಟು ಗೋಡೆ ಎಷ್ಟು ದಪ್ಪ ಇದೆ ನೋಡಿಸಿ. ಎರಕ ಹೊಯ್ಯೋವಾಗ ಒಳಗಿನ ಅಚ್ಚು ಕೂದಲೆಳೆ ಜರುಗಿದ್ರೂ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ಹಿಂಭಾಗಕ್ಕೆ ನೀರಿನ ತುಕ್ಕೂ ತಿಂದಿರುತ್ತೆ. ಅಕ್ಕಪಕ್ಕದ ಎರಡು ಬ್ಲಾಕ್ ಒಂದೇ ಥರ ಇರಲ್ಲ. ಪಕ್ಕದವರದ್ದು ತಡೀತು ಅಂದ್ರೆ ನಿಮ್ಮದೂ ತಡೀಬೇಕು ಅಂತಿಲ್ಲ.

ಇನ್ನೊಂದು ವಿಷಯ, ಇದನ್ನ ಬಹಳ ಜನ ಉಲ್ಟಾ ಮಾಡ್ತಾರೆ. ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರಿಂಗ್. ಪಿಸ್ಟನ್‌ನ ಸ್ಕರ್ಟ್ ಅಳೆದು, ತಯಾರಕರು ಹೇಳಿದ ಕ್ಲಿಯರೆನ್ಸ್ ಬಿಟ್ಟು, ಅದಕ್ಕೆ ತಕ್ಕಂತೆ ಸಿಲಿಂಡರ್ ಹೋನ್ ಮಾಡಬೇಕು. ಎರಕದ ಪಿಸ್ಟನ್‌ಗೂ ಫೋರ್ಜ್ ಮಾಡಿದ್ದಕ್ಕೂ ಈ ಅಂತರ ಬೇರೆ ಬೇರೆ. ರಿಂಗನ್ನ ಬೋರ್ ಒಳಗೆ ಇಟ್ಟು ಬಾಯಿಯ ಸಂದು ನೋಡಿ. ಹೆಡ್ ಗ್ಯಾಸ್ಕೆಟ್‌ನ ತೂತು ಹೊಸ ಬೋರ್‌ಗಿಂತ ದೊಡ್ಡದಿದೆಯಾ ನೋಡಿ, ಅಂಚು ಒಳಗೆ ಚಾಚಿದ್ರೆ ಬೆಂಕಿಗೆ ಸಿಕ್ಕಿ ಸುಡುತ್ತೆ. 60 ಥೌ ಆದಾಗ ಕಂಪ್ರೆಷನ್ನೂ 8.8ರಿಂದ 9.1ರ ಹತ್ತಿರ ಹೋಗುತ್ತೆ, ಹೆಡ್ ಬೇರೆ ಸಾಣೆ ಹಿಡಿಸಿದ್ರೆ ಇನ್ನೂ ಮೇಲೆ. ಇಗ್ನಿಷನ್ ಟೈಮಿಂಗ್ ಮತ್ತೆ ನೋಡಿಸಿ.

ವರ್ಕ್‌ಶಾಪಿನವರ ಮೇಲೆ ಕೋಪ ಬೇಡ. ಖರ್ಚು ಒಂದೇ ಅಂದದ್ದು ಸುಳ್ಳಲ್ಲ, ಅದು ಇವತ್ತಿನ ಬಿಲ್ಲಿನ ಲೆಕ್ಕ. ಅಳತೆಯ ಚೀಟಿ ಬರೆಸಿಕೊಂಡು ಬನ್ನಿ, ಹನ್ನೆರಡು ಜಾಗದ ಅಂಕಿಗಳೂ ಇರಲಿ. ಅದನ್ನ ಕಳಿಸಿದ್ರೆ 20ಆ 30ಆ ಅಂತ ಮುಂದಿನ ವಾರ ಇಲ್ಲೇ ಹೇಳ್ತೀನಿ.