ಡೊಳ್ಳು ಮತ್ತು ದಾರಿ: ಕುರಿಗಾಹಿಗಳ ಚರಿತ್ರೆಯನ್ನು ಕುರಿತು



ಊರು ಕಟ್ಟಿ ನೆಲೆನಿಂತವರು ತಮ್ಮ ಚರಿತ್ರೆಯನ್ನು ಕೋಟೆಯಲ್ಲಿಯೂ ಗುಮ್ಮಟದಲ್ಲಿಯೂ ಶಿಲಾಶಾಸನದಲ್ಲಿಯೂ ಬಿಟ್ಟುಹೋಗುತ್ತಾರೆ. ಹಿಂಡಿನ ಬೆನ್ನುಹತ್ತಿ ನಡೆದವರಾದರೋ, ಹೊರಲು ಬಂದಷ್ಟನ್ನೇ ಉಳಿಸಿಕೊಳ್ಳಬೇಕಾದವರಾದುದರಿಂದ, ಅದನ್ನು ಕಂಠದಲ್ಲಿಯೂ ವಾದ್ಯದಲ್ಲಿಯೂ ಇರಿಸಿಕೊಂಡರು. ನಮ್ಮ ಮೋರಟಗಿ ಸೀಮೆಯ ಹಾಲುಮತದ ಕುರುಬರ ಚರಿತ್ರೆ ಇಂಥದು.

ಮುದ್ದೇಬಿಹಾಳ ಸೀಮೆಯ ಸರೂರಿನಲ್ಲಿ ರೇವಣಸಿದ್ಧ, ಅರಕೇರಿಯ ಮುಮ್ಮೆಟ್ಟಿಗುಡ್ಡದಲ್ಲಿ ಅಮೋಘಸಿದ್ಧ, ಗಡಿಯಾಚೆ ಮಹಾರಾಷ್ಟ್ರದ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯ, ಹಳ್ಳಿಹಳ್ಳಿಗೂ ಬೀರಪ್ಪ: ಹೀಗೆ ಹಬ್ಬಿದ ಈ ಸಿದ್ಧರ ಬಳಗವನ್ನು ಕುರಿತು ಹರಿಹರನು ರೇವಣಸಿದ್ಧೇಶ್ವರನ ರಗಳೆಯನ್ನು ರಚಿಸಿದನು, ಶಂ. ಬಾ. ಜೋಶಿಯವರು ‘ಹಾಲುಮತ ದರ್ಶನ’ವನ್ನು ಬರೆದರು; ಜರ್ಮನಿಯ ವಿದ್ವಾಂಸ ಸೊಂಥೈಮರ್ ಅವರು ಮಹಾರಾಷ್ಟ್ರದ ಕುರಿಗಾಹಿಗಳಾದ ಧನಗರರ ನಡುವೆ ಬೀರೋಬನ, ಎಂದರೆ ಬೀರಪ್ಪನ, ಕಥೆಗಳನ್ನು ಅರಸಿದರು. ಆದರೆ ಬರಹದ ಹೊರಗೆ ಆ ಕಥೆಯನ್ನು ಕಾಪಾಡಿಕೊಂಡು ಬಂದುದು ಡೊಳ್ಳು. ದೀಪಾವಳಿಯ ಅಮಾವಾಸ್ಯೆಗೆ ಹುಲಜಂತಿಯಲ್ಲಿ ಊರೂರ ಪಲ್ಲಕ್ಕಿಗಳು ಭೇಟಿಯಾಗುವಾಗ, ಭಂಡಾರದ, ಎಂದರೆ ಅರಿಸಿನದ, ಧೂಳಿ ಮುಗಿಲಿಗೇರಿ ‘ಚಾಂಗಭಲೋ’ ಎಂಬ ಘೋಷ ಮೊಳಗುವಾಗ, ಒಂದು ಮಗ್ಗುಲಿಗೆ ಅಂಗೈಯನ್ನೂ ಮತ್ತೊಂದಕ್ಕೆ ಕೋಲನ್ನೂ ಕೊಟ್ಟು ಬಾರಿಸುವ ಆ ವಾದ್ಯವು ಬರಿಯ ತಾಳವಾಗಿರದೆ, ಗುರುವಾದ ಬೀರಪ್ಪನಿಗೂ ಶಿಷ್ಯನಾದ ಮಾಳಿಂಗರಾಯನಿಗೂ ಇದ್ದ ಬಾಂಧವ್ಯವನ್ನು ಮತ್ತೆ ಜನರ ಎದುರಿಗೆ ತಂದು ನಿಲ್ಲಿಸುತ್ತದೆ. ಡೊಳ್ಳಿನ ಪದದ ಎರಡು ಮೇಳಗಳು ಸವಾಲು-ಜವಾಬಿನಲ್ಲಿ ಬೆಳಗಿನವರೆಗೆ ಹಾಡುವಾಗ, ಪುರಾಣವನ್ನು ತಪ್ಪಿ ಹೇಳಿದವನನ್ನು ಎದುರಿನ ಮೇಳವು ಬಿಡದು. ಓದುಬರಹವಿಲ್ಲದ ಸಮಾಜವು ತನ್ನ ನೆನಪನ್ನು ತಾನೇ ತಿದ್ದಿಕೊಳ್ಳುವ ಕ್ರಮವಿದು.

ಇಂಥ ಚರಿತ್ರೆ ನಮ್ಮದೊಂದೇ ಅಲ್ಲ. ಯುರೋಪಿನ ಉತ್ತರದ ತುದಿಯಲ್ಲಿ, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಹಾಗೂ ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ಹರಡಿರುವ ಸಾಮಿ ಜನರಲ್ಲಿಯೂ ಹಿಮಸಾರಂಗಗಳನ್ನು ಮೇಯಿಸುವವರಿದ್ದಾರೆ. ಅವರಿಗೂ ‘ಯೋಯ್ಕ್’ ಎಂಬ ಹಾಡಿದೆ, ಡೋಲಿದೆ. ಆ ಡೋಲಿಗೆ ಒದಗಿದ ಗತಿ ಮಾತ್ರ ಬೇರೆ. ಆಂಡರ್ಸ್ ಪೌಲ್ಸೆನ್ ಎಂಬ ಸಾಮಿ ವೃದ್ಧನನ್ನು, ದೇವತೆಗಳ ಚಿತ್ರಗಳುಳ್ಳ ಡೋಲನ್ನು ಬಳಸಿದನೆಂಬ ಕಾರಣಕ್ಕೆ 1691ರಲ್ಲಿ ಹಿಡಿದು, ಮರುವರುಷ ನಾರ್ವೆಯ ವಾಡ್ಸೊದಲ್ಲಿ ವಿಚಾರಣೆಗೊಳಪಡಿಸಿದರು. ತೀರ್ಪು ಹೊರಬೀಳುವ ಮೊದಲೇ ಆತನ ಕೊಲೆಯಾಯಿತು, ಡೋಲು ಡೆನ್ಮಾರ್ಕಿನ ರಾಜಸಂಗ್ರಹವನ್ನು ಸೇರಿತು. ಅದು ಸಾಮಿ ಜನರ ಸ್ವತ್ತಾಗಿ ಮರಳಿದುದು 2022ರಲ್ಲಿ. ನಮ್ಮ ಡೊಳ್ಳಿಗೆ ಅಂತಹ ವಿಚಾರಣೆ ನಡೆಯಲಿಲ್ಲವೆಂದು ನಾವು ಸಮಾಧಾನಪಡಬಹುದು. ಆದರೆ ನಿಶ್ಚಿಂತರಾಗಿರಲು ಬಾರದು.

ಏಕೆಂದರೆ ಹಾಡಿಗೆ ಹಿಂಡು ಆಧಾರ, ಹಿಂಡಿಗೆ ಹುಲ್ಲು ಆಧಾರ. ದಖನಿ ಕುರಿಯ ಕರಿಯ ಉಣ್ಣೆಯನ್ನು ಕತ್ತರಿಸಿ, ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿಗಿಗೊಳಿಸಿದ ಕಂಬಳಿಯು ಮಳೆಗೆ ಕೊಪ್ಪೆಯೂ ಚಳಿಗೆ ಹೊದಿಕೆಯೂ ದೇವರಿಗೆ ಗದ್ದುಗೆಯೂ ಆಗಿದ್ದಿತು. ಕೊಯ್ಲಾದ ಹೊಲದಲ್ಲಿ ಕುರಿ ತರುಬಿಸಿ, ಗೊಬ್ಬರಕ್ಕೆ ಬದಲಾಗಿ ಕಾಳನ್ನು ಕೊಡುತ್ತಿದ್ದ ಒಕ್ಕಲಿಗನಿಗೂ ಕುರುಬನಿಗೂ ಇದ್ದ ನಂಟು ವರುಷವರುಷವೂ ಹೊಸದಾಗುತ್ತಿದ್ದಿತು. ಈಗಲಾದರೋ, ಕಾಲುವೆಯ ನೀರು ಬಂದು ಕಬ್ಬು ಬೆಳೆದ ಹೊಲ ಬೀಳು ಬೀಳದು; ಊರ ಮೇವಿನ ನೆಲಗಳಾದ ಗಾಯರಾಣಗಳು ಒತ್ತುವರಿಯಾಗುತ್ತಿವೆ; ಉಣ್ಣೆಗೆ ಬೆಲೆಯಿಲ್ಲದೆ ಮಾಂಸದ ತಳಿಗಳೇ ಮೇಲಾಗಿವೆ. ಇವೆಲ್ಲವೂ ಅನ್ಯಾಯದ ಉದ್ದೇಶದಿಂದ ನಡೆದುದಲ್ಲ, ನೀರಾವರಿಯನ್ನು ಬೇಡೆನ್ನುವವನಾರು? ಆದರೂ ಪರಿಣಾಮದ ಭಾರ ಬಿದ್ದುದು ನಡೆಯುವವನ ಮೇಲೆಯೇ.

ದಾರಿಯ ಮತ್ತು ಮೇವಿನ ಹಕ್ಕಿನ ವಿಷಯದಲ್ಲಿ ಸಾಮಿ ಜನರಿಂದ ಕಲಿಯತಕ್ಕುದೊಂದುಂಟು. ಗಡಿಗಳನ್ನು ಎಳೆದ 1751ರ ಒಪ್ಪಂದದಲ್ಲಿಯೇ, ನಾರ್ವೆ-ಸ್ವೀಡನ್‌ಗಳ ನಡುವೆ ಹಿಂಡಿನೊಡನೆ ದಾಟುವ ಹಕ್ಕನ್ನು ಅವರು ಪಡೆದಿದ್ದರು. 1989ರಲ್ಲಿ ನಾರ್ವೆಯಲ್ಲಿ ಅವರ ಚುನಾಯಿತ ಸಂಸತ್ತು ಆರಂಭವಾಯಿತು. 2021ರ ಅಕ್ಟೋಬರಿನಲ್ಲಿ ನಾರ್ವೆಯ ಸರ್ವೋಚ್ಚ ನ್ಯಾಯಾಲಯವು, ಫೋಸೆನ್‌ನ ಗಾಳಿಯಂತ್ರಗಳಿಗಾಗಿ ನೀಡಿದ ಪರವಾನಗಿಯು ಅಸಿಂಧುವೆಂದೂ, ಹಿಮಸಾರಂಗದ ಮೇವನ್ನು ಕಸಿಯುವುದೆಂದರೆ ಸಾಮಿಗಳು ತಮ್ಮ ಸಂಸ್ಕೃತಿಯನ್ನು ಬಾಳುವ ಹಕ್ಕನ್ನು ಕಸಿಯುವುದೆಂದೂ ಏಕಮತದಿಂದ ನಿರ್ಣಯಿಸಿತು. ಡೋಲನ್ನು ಅಪರಾಧವೆಂದ ನಾಡಿನ ನ್ಯಾಯಾಲಯವೇ ಹುಲ್ಲುಗಾವಲನ್ನು ಸಂಸ್ಕೃತಿಯೆಂದು ಮನ್ನಿಸಲು ಮೂರು ಶತಮಾನಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಹಾಡನ್ನು ಉಳಿಸಿಕೊಳ್ಳುವ ಕೆಲಸಕ್ಕೆ ನಮ್ಮಲ್ಲಿಯೇ ಮಾದರಿಯಿದೆ: ಇಂಡಿ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಕಲನವನ್ನು ಬೆಳಕಿಗೆ ತಂದರು. ಅದೇ ಶ್ರದ್ಧೆಯಿಂದ ಡೊಳ್ಳಿನ ಪದಗಳನ್ನೂ, ಕುರಿಗಾಹಿಗಳು ನಡೆದ ದಾರಿಗಳನ್ನೂ, ತಂಗಿದ ಹಟ್ಟಿಗಳನ್ನೂ ದಾಖಲಿಸುವುದು ನಮ್ಮ ಊರುಗಳ ಸಂಘಗಳಿಗೆ ಒಪ್ಪುವ ಕಾರ್ಯ. ಆದರೆ ಗ್ರಾಮಸಭೆಯಲ್ಲಿ ಗಾಯರಾಣದ ವಿಷಯ ಬಂದಾಗ ಮೌನವಾಗಿದ್ದು, ವೇದಿಕೆಯ ಮೇಲೆ ಡೊಳ್ಳಿಗೆ ಹಾರ ಹಾಕಿದರೆ, ನಾವು ಉಳಿಸಿಕೊಳ್ಳುವುದು ವಾದ್ಯವನ್ನೇ ಹೊರತು ಅದನ್ನು ಬಾರಿಸುವ ಬಾಳನ್ನಲ್ಲ.