ಒಂದೇ ಕೋಶದ ಜೀವಿಗಳು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೆರೆನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದು ಲೋಕವೇ ಕಾಣುತ್ತದೆ. ಅಲ್ಲಿ ಪ್ರಾಣಿ, ಸಸ್ಯ, ಬೂಷ್ಟು ಯಾವುದಕ್ಕೂ ಸೇರದ ಜೀವಿಗಳುಂಟು. ಬಹುಪಾಲಿನವಕ್ಕೆ ಮೈಯೆಲ್ಲ ಒಂದೇ ಕೋಶ. ಬ್ಯಾಕ್ಟೀರಿಯಗಳಿಗಿಲ್ಲದ ಕೋಶಕೇಂದ್ರ ಇವಕ್ಕುಂಟು. ಇವೇ ಪ್ರೋಟಿಸ್ಟುಗಳು. ಅಮೀಬಾ ಮೈಯನ್ನೇ ಕಾಲಿನಂತೆ ಚಾಚಿ ನಡೆಯುತ್ತದೆ. ಪ್ಯಾರಮೀಸಿಯಂ ಮೈಮೇಲಿನ ನವಿರು ಕೂದಲಿನಿಂದ ಈಜುತ್ತದೆ. ಗಾಜಿನಂಥ ಚಿಪ್ಪಿನ ಡಯಾಟಮ್ ಬಿಸಿಲಿನಿಂದ ಆಹಾರ ಮಾಡಿಕೊಂಡು ನಮಗೆ ಪ್ರಾಣವಾಯು ಕೊಡುತ್ತದೆ. ಹೆಚ್ಚಿನವು ನಿರುಪದ್ರವಿಗಳು.

ಆದರೆ ಎರಡು ನಮ್ಮ ಕೂಲಿಗೇ ಕೈ ಹಾಕುತ್ತವೆ. ಒಂದು, ಮಲೇರಿಯದ ಜೀವಿ. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡರು. ಇನ್ನೊಂದು, ಆಮಶಂಕೆಯ ಅಮೀಬಾ. ಗಟ್ಟಿ ಹೊದಿಕೆ ತೊಟ್ಟು ಕೊಳೆನೀರಿನಲ್ಲಿ, ತೊಳೆಯದ ಕೈಯಲ್ಲಿ ಹೊಂಚು ಹಾಕುತ್ತದೆ. ರೋಗವೇ ಇಲ್ಲದಂತೆ ಕಾಣುವವನಿಂದಲೂ ಹರಡುತ್ತದೆ.

ಹೋಟೆಲಿನಲ್ಲಿ ಬಡಿಸುವವರು, ಗಿರಣಿಯಲ್ಲಿ ದುಡಿಯುವವರು ನಾವು ಒಂದೇ ಖೋಲಿಯಲ್ಲಿ ಒಂದೇ ಕೊಡದ ನೀರು ಕುಡಿಯುತ್ತೇವೆ. ಒಬ್ಬನ ಅಲಕ್ಷ್ಯ ಹತ್ತು ಜನರ ಖಾಡಾ. ನೀರು ಕುದಿಸೋಣ, ಶೌಚವಾದ ಮೇಲೆ ಸಾಬೂನಿನಿಂದ ಕೈ ತೊಳೆಯೋಣ, ಟಾಂಕಿ ಮುಚ್ಚಿಡೋಣ. ಕೆಲಸದ ಜಾಗದಲ್ಲಿ ಸಾಬೂನು, ಶುದ್ಧ ನೀರು ಕೇಳೋಣ. ಅದು ಭಿಕ್ಷೆಯಲ್ಲ, ಹಕ್ಕು.