ಕಲ್ಲು ಹಾಸುವ ಮೊದಲು ನೀರಿನ ದಾರಿ

(ಬಳಗದ ನೆಲ-ಜಲ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನಾನಿಂದು ಮಾತನಾಡಲಿರುವುದು ಚಳಿನಾಡಿನ ಹಿತ್ತಿಲುಗಳ ಕುರಿತು. ಅಮೆರಿಕದ ಉತ್ತರದ ಗಡಿಯಲ್ಲಿರುವ ಮಿನ್ನೆಸೋಟ ರಾಜ್ಯದಲ್ಲಿ ಮನೆಯ ಹಿಂಬದಿಗೆ ಕಲ್ಲು ಅಥವಾ ಸಿಮೆಂಟ್ ಬಿಲ್ಲೆ ಹಾಸಿಸಿ, ಬೇಸಿಗೆಯ ಸಂಜೆ ಕುಳಿತುಕೊಳ್ಳಲು ಜಾಗ ಮಾಡಿಕೊಳ್ಳುವುದು ರೂಢಿ. ಅದನ್ನು ಅವರು ಪ್ಯಾಟಿಯೋ ಎನ್ನುತ್ತಾರೆ. ಮಲೆನಾಡಿನ ಸಭೆಯಲ್ಲಿ ಅದರ ಪ್ರಸ್ತಾಪವೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡುವುದು ಸಹಜ. ಅದೇ ಬಗೆಯ ಬಿಲ್ಲೆಗಳು ಇಂಟರ್‌ಲಾಕ್ ಎಂಬ ಹೆಸರಿನಲ್ಲಿ ನಮ್ಮ ಅಂಗಳಗಳಿಗೂ ಬಂದಿವೆ. ಬಿಲ್ಲೆ ಬಂದಿದೆ, ಆದರೆ ಬಿಲ್ಲೆಯ ಕೆಳಗಿನ ವಿದ್ಯೆ ಅದರೊಡನೆ ಬಂದಿದೆಯೇ? ಇದನ್ನು ಪರಿಶೀಲಿಸುವುದೇ ನನ್ನ ಉದ್ದೇಶ.

ಮಿನ್ನೆಸೋಟದ ಚಳಿಗಾಲದಲ್ಲಿ ಹೊರಗಿನ ಉಷ್ಣಾಂಶ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಕೆಳಗಿಳಿಯುವುದುಂಟು. ಆಗ ನೆಲವೂ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತಾ ಹೋಗುತ್ತದೆ. ಮನೆಯ ಅಡಿಪಾಯವನ್ನು ರಾಜ್ಯದ ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರ ಭಾಗದಲ್ಲಿ 60 ಅಂಗುಲ ಆಳಕ್ಕೆ ಇಳಿಸಬೇಕೆಂದು ಅಲ್ಲಿನ ಕಟ್ಟಡ ನಿಯಮ ಹೇಳುತ್ತದೆ. ಅಂದರೆ ಆಳೆತ್ತರದ ಗುಂಡಿ. ಹಿತ್ತಿಲಿನ ಹಾಸಿಗೆ ಅಷ್ಟು ಆಳ ಅಗೆಯುವುದು ಯಾರಿಗೂ ಪೂರೈಸುವುದಿಲ್ಲ. ಆದ್ದರಿಂದ ಪ್ಯಾಟಿಯೋ ಹೆಪ್ಪುಗಟ್ಟುವ ಮಣ್ಣಿನ ಮೇಲೆಯೇ ಬದುಕಬೇಕು.

ಅಲ್ಲಿ ಸಮಸ್ಯೆ ಆರಂಭವಾಗುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಓದಿದ್ದೀರಿ. ಆದರೆ ನೆಲ ಉಬ್ಬಿ ಕಲ್ಲನ್ನು ಮೇಲೆತ್ತಲು ಆ ಹಿಗ್ಗುವಿಕೆಯೊಂದೇ ಕಾರಣವಲ್ಲ. ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇದನ್ನು ತೋರಿಸಿಕೊಟ್ಟರು. ಅವರು ನೀರಿನ ಬದಲು ಬೆಂಜೀನ್ ಬಳಸಿ ಪ್ರಯೋಗ ಮಾಡಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವಂತೆ, ನುಣುಪು ಕಣದ ಮಣ್ಣು ಕೆಳಗಿನ ದ್ರವವನ್ನು ಹೆಪ್ಪುಗಟ್ಟುತ್ತಿರುವ ಪದರದ ಕಡೆಗೆ ಸೆಳೆದುಕೊಳ್ಳುತ್ತದೆ. ಬಂದ ನೀರು ಅಲ್ಲಿ ಪದರಪದರವಾಗಿ ಗಡ್ಡೆಕಟ್ಟಿ ಮೇಲಿನದೆಲ್ಲವನ್ನೂ ಎತ್ತುತ್ತದೆ. ವಸಂತದಲ್ಲಿ ಅದು ಕರಗಿದಾಗ ನೆಲ ಕೆಸರಾಗಿ, ಎದ್ದ ಕಲ್ಲು ಒಂದೊಂದು ಒಂದೊಂದು ಮಟ್ಟಕ್ಕೆ ಕುಸಿಯುತ್ತದೆ.

ಈ ಉಬ್ಬಿಗೆ ಮೂರು ಸಂಗತಿಗಳು ಕೂಡಬೇಕು: ಚಳಿ, ನೀರು, ನುಣುಪು ಮಣ್ಣು. ಚಳಿಯನ್ನು ಓಡಿಸುವುದು ಯಾರಿಂದಲೂ ಸಾಧ್ಯವಿಲ್ಲ. ಉಳಿದೆರಡನ್ನು ನಿಭಾಯಿಸುವುದೇ ಅಲ್ಲಿನ ವೃತ್ತಿಪರರ ಕಸುಬು.

ಆ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಾರೆ ಹಾಕುವ ಮೊದಲು 811 ಎಂಬ ಸಂಖ್ಯೆಗೆ ದೂರವಾಣಿ ಮಾಡಿ, ನೆಲದಡಿಯ ಅನಿಲ ಕೊಳವೆ, ವಿದ್ಯುತ್ ತಂತಿಗಳ ಗುರುತು ಹಾಕಿಸುತ್ತಾರೆ. ಬಳಿಕ ಮೇಲ್ಮಣ್ಣನ್ನು ಸುಮಾರು ಒಂದು ಅಡಿಯಷ್ಟು ತೆಗೆಯುತ್ತಾರೆ. ಹತ್ತು ಅಡಿಗೆ ಹನ್ನೆರಡು ಅಡಿಯ ಸಣ್ಣ ಹಾಸಿಗೂ ಹೀಗೆ 120 ಘನ ಅಡಿಯಷ್ಟು ಮಣ್ಣು ಹೊರಬೀಳುತ್ತದೆ. ತಳ ಜೇಡಿಯಾಗಿದ್ದರೆ ಅದರ ಮೇಲೆ ಗಟ್ಟಿಯಾದ ನೆಯ್ಗೆಯ ಬಟ್ಟೆಯೊಂದನ್ನು ಹಾಸುತ್ತಾರೆ. ಜಲ್ಲಿ ಮಣ್ಣಿನೊಳಗೆ ಹುಗಿಯದಂತೆ, ಮಣ್ಣು ಜಲ್ಲಿಯೊಳಗೆ ಏರದಂತೆ ಅದು ತಡೆಯುತ್ತದೆ. ಅದರ ಮೇಲೆ ಎಂಟು ಅಂಗುಲದಷ್ಟು ಜಲ್ಲಿ. ಚಳಿ ಮತ್ತು ಜೇಡಿ ಎರಡೂ ಹೆಚ್ಚಿದ್ದರೆ ಇನ್ನೂ ಹೆಚ್ಚು. ಇದನ್ನು ಒಂದೇ ಬಾರಿಗೆ ಸುರಿಯುವುದಿಲ್ಲ. ಮೂರು ನಾಲ್ಕು ಅಂಗುಲದ ಪದರ ಹಾಕಿ, ಯಂತ್ರದಿಂದ ಕುಟ್ಟಿ, ಮತ್ತೆ ಪದರ ಹಾಕಿ ಮತ್ತೆ ಕುಟ್ಟುತ್ತಾರೆ. ಜಲ್ಲಿಯಲ್ಲಿ ಪುಡಿಯ ಪ್ರಮಾಣ ಮಿತಿಮೀರಬಾರದು. ಪುಡಿ ಹೆಚ್ಚಾದರೆ ಅದೇ ನೀರನ್ನು ಹಿಡಿದಿಟ್ಟುಕೊಂಡು ಹೆಪ್ಪುಗಟ್ಟುತ್ತದೆ. ಜಲ್ಲಿಯ ಮೇಲೆ ಒಂದಂಗುಲ ಮರಳು, ಅದರ ಮೇಲೆ ಎರಡೂಕಾಲು ಅಂಗುಲಕ್ಕೆ ತುಸು ಮಿಕ್ಕ ದಪ್ಪದ ಬಿಲ್ಲೆ. ನೋಡಿ, ಒಂದಡಿಯ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಈ ಎರಡೂ ಚಿಲ್ಲರೆ ಅಂಗುಲ ಮಾತ್ರ.

ಇಳಿಜಾರು ಅಷ್ಟೇ ಮುಖ್ಯ. ಅಡಿಗೆ ಕಾಲಂಗುಲದಂತೆ ಮನೆಯಿಂದ ಹೊರಕ್ಕೆ ಇಳಿಜಾರು ಕೊಟ್ಟರೆ ಹನ್ನೆರಡು ಅಡಿಯ ಕೊನೆಯಲ್ಲಿ ಮೂರಂಗುಲ ತಗ್ಗುತ್ತದೆ. ಮನೆ ಕಟ್ಟುವಾಗ ಅಡಿಪಾಯದ ಸುತ್ತ ತುಂಬಿದ ಸಡಿಲ ಮಣ್ಣು ವರ್ಷಗಳ ಕಾಲ ಕುಸಿಯುತ್ತಲೇ ಇರುತ್ತದೆ. ಅದನ್ನು ಕುಟ್ಟಿ ಗಟ್ಟಿ ಮಾಡದೆ ಹಾಸಿದರೆ ಹಾಸು ಮನೆಯ ಕಡೆಗೇ ವಾಲಿ, ಮಳೆನೀರನ್ನು ಗೋಡೆಗೆ ಹೊಯ್ಯುತ್ತದೆ. ಕಡೆಯದಾಗಿ ಅಂಚು ಜಾರದಂತೆ ಉದ್ದನೆಯ ಕಬ್ಬಿಣದ ಮೊಳೆಗಳಿಂದ ಪಟ್ಟಿ ಬಿಗಿದು, ಸಂದುಗಳಿಗೆ ಮರಳು ತುಂಬುತ್ತಾರೆ. ಒಂದೇ ಅಚ್ಚಿನ ಕಾಂಕ್ರೀಟು ಹಾಸಿದರೆ ನೆಲ ಅಲುಗಿದಾಗ ಅದು ಬಿರಿಯುತ್ತದೆ. ಬಿಲ್ಲೆಗಳ ಹಾಸು ನೆಲದೊಡನೆ ತುಸು ಏರಿ ಇಳಿಯುತ್ತದೆ. ಕೆಟ್ಟ ಭಾಗವನ್ನಷ್ಟೇ ಕಿತ್ತು ಸರಿಪಡಿಸಬಹುದು.

ಇಷ್ಟೆಲ್ಲ ಎಚ್ಚರವೂ ಮೊದಮೊದಲು ಆ ಮನೆಯ ಹಾಸಿಗಷ್ಟೇ ಸೀಮಿತವಾಗಿತ್ತು. ಹಿತ್ತಿಲಿನಿಂದ ಹೊರಟ ನೀರು ಎಲ್ಲಿಗೆ ಹೋಯಿತು ಎಂದು ವಿಚಾರಿಸುವವರು ಕಡಿಮೆ. ಅದು ಬೀದಿಯ ಚರಂಡಿಗೆ, ಅಲ್ಲಿಂದ ಕೆರೆ ಹೊಳೆಗಳಿಗೆ ಹೋಗುತ್ತಿತ್ತು. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೂ ಕಾಲುದಾರಿಗೂ ಎರಚುವ ಉಪ್ಪೂ ಅದರೊಡನೆ ಸೇರಿತು. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಶಾಶ್ವತವಾಗಿ ಕೆಡಿಸಲು ಸಾಕೆಂದು ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಜನರಿಗೆ ತಿಳಿಹೇಳುತ್ತದೆ.

ಈ ಅನುಭವದಿಂದ ನಿಯಮಗಳು ಬಂದವು. ಮಿನ್ನಿಯಾಪೊಲಿಸ್ ನಗರವು 2005ರಲ್ಲಿ ಮಳೆನೀರಿನ ನಿರ್ವಹಣೆಗೆ ಪ್ರತ್ಯೇಕ ಶುಲ್ಕ ವಿಧಿಸಿತು. ನೀರು ಇಂಗದ ಹಾಸು ಹೆಚ್ಚಿದಂತೆ ಶುಲ್ಕ ಹೆಚ್ಚು, ತಮ್ಮ ಜಾಗದಲ್ಲೇ ನೀರನ್ನು ನಿಭಾಯಿಸುವವರಿಗೆ ರಿಯಾಯಿತಿ. ಇಂಗ್ಲೆಂಡಿನಲ್ಲಿ 2007ರ ಬೇಸಿಗೆಯ ಮಹಾಪೂರದ ಬಳಿಕ, 2008ರ ಅಕ್ಟೋಬರಿನಲ್ಲಿ ಇನ್ನೊಂದು ನಿಯಮ ಜಾರಿಗೆ ಬಂದಿತು. ಮನೆಯ ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರು ಇಂಗದ ಹಾಸು ಹಾಕಿ, ಆ ನೀರನ್ನು ಬೀದಿಗೆ ಬಿಡುವುದಾದರೆ ಅನುಮತಿ ಪಡೆಯಬೇಕು. ಈಗ ಚಳಿನಾಡಿನಲ್ಲೂ ಸಂದುಗಳಲ್ಲಿ ಮರಳಿನ ಬದಲು ಸಣ್ಣ ಚಿಪ್ಸ್ ಜಲ್ಲಿ, ಕೆಳಗೆ ಪುಡಿಯಿಲ್ಲದ ದಪ್ಪ ಜಲ್ಲಿ ಹಾಕಿ ನೀರನ್ನು ಹಾಸಿನ ಮೂಲಕವೇ ಇಂಗಿಸುವ ಪದ್ಧತಿ ಹಬ್ಬುತ್ತಿದೆ. ಜಲ್ಲಿಯ ನಡುವೆ ನೀರು ನಿಲ್ಲದೆ ಇಳಿದುಹೋಗುವುದರಿಂದ ಉಬ್ಬುವ ಭಯವೂ ಕಡಿಮೆ.

ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲ, ಮಳೆಯಿದೆ. ಮಿನ್ನಿಯಾಪೊಲಿಸ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮವೆಲ್ಲ ಸೇರಿ 800 ಮಿಲಿಮೀಟರ್ ಆಸುಪಾಸು. ಆಗುಂಬೆಯ ವಾಡಿಕೆ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಒಂದು ಸಾವಿರ ಚದರ ಅಡಿಯ ಅಂಗಳದ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 9,300 ಲೀಟರ್ ನೀರು. ಸಾರಿಸಿದ ಮಣ್ಣಿನ ಅಂಗಳವೂ ಎಲ್ಲ ನೀರನ್ನು ಇಂಗಿಸುತ್ತಿರಲಿಲ್ಲ, ನಿಜ. ಆದರೆ ಹಿರಿಯರು ಅಂಗಳದ ಸುತ್ತ ಕಣಿ ತೋಡಿ, ಸೂರಿನ ನೀರನ್ನು ತೋಟದ ಕಪ್ಪಿಗೆ ಸೇರಿಸಿ, ಮಳೆಗಾಲಕ್ಕೆ ಮುನ್ನ ಅದನ್ನು ಬಿಡಿಸಿಕೊಡುತ್ತಿದ್ದರು. ಇಂದು ಅಡಕೆ ಒಣಗಿಸಲು, ವಾಹನ ನಿಲ್ಲಿಸಲು ಅನುಕೂಲವೆಂದು ಮಣ್ಣು ಸಮ ಮಾಡಿ, ಜಲ್ಲಿಪುಡಿ ಹರಡಿ, ಎರಡು ದಿನದಲ್ಲಿ ಇಂಟರ್‌ಲಾಕ್ ಹಾಸಿ ಮುಗಿಸುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಕಣಿ ಮುಚ್ಚಿಹೋಗಿರುತ್ತದೆ. ಅನುಕೂಲ ಬೇಡವೆಂದು ನಾನು ಹೇಳಲಾರೆ. ವರ್ಷವರ್ಷ ಅಂಗಳ ಕೆತ್ತಿ ಸಾರಿಸುವ ದುಡಿಮೆ ಬಹುಪಾಲು ಹೆಂಗಸರ ಬೆನ್ನಿನ ಮೇಲಿತ್ತು.

ಆದರೆ ಚಳಿನಾಡಿನ ವಿಧಾನವನ್ನು ಹಾಗೆಯೇ ತರುವಂತೆಯೂ ಇಲ್ಲ. ಸಮತಟ್ಟಾದ ಊರಿನಲ್ಲಿ ಹಾಸಿನಡಿ ನೀರು ಇಂಗಿಸುವುದು ಒಳ್ಳೆಯದು. ಗುಡ್ಡ ಕಡಿದು ಮಾಡಿದ ಅಂಗಳದಲ್ಲಿ, ಧರೆಯ ತಲೆಯ ಮೇಲೆ ನೀರು ಇಂಗಿಸಿದರೆ ಧರೆಯೇ ಜರಿಯಬಹುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳ ಬಳಿಕ ಭೂವಿಜ್ಞಾನಿಗಳು ಎತ್ತಿ ತೋರಿಸಿದ ಕಾರಣಗಳಲ್ಲಿ ಅತಿವೃಷ್ಟಿಯೊಡನೆ, ಮನೆ ರಸ್ತೆಗಳಿಗಾಗಿ ಇಳಿಜಾರು ಕಡಿದದ್ದೂ ಸೇರಿತ್ತು. ಆದ್ದರಿಂದ ನಾವು ಅವರಿಂದ ಕಲಿಯಬೇಕಾದುದು ಅಳತೆಗಳನ್ನಲ್ಲ, ಕೇಳುವ ಕ್ರಮವನ್ನು. ಕೆಳಗಿನ ಮಣ್ಣು ಯಾವುದು? ನೀರು ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ? ಇವಕ್ಕೆ ಉತ್ತರ ದೊರೆತ ಬಳಿಕವೇ ಬಿಲ್ಲೆಯ ಬಣ್ಣದ ಮಾತು.

ನನ್ನ ವಿನಂತಿಗಳು ನಾಲ್ಕು. ಅಂಗಳ ಹಿಗ್ಗಿಸಲು ಧರೆ ಕಡಿಯಬೇಡಿ. ಹಾಸುವುದಾದರೆ ಅಡಕೆಗೂ ವಾಹನಕ್ಕೂ ಬೇಕಾದಷ್ಟೇ ಹಾಸಿ, ಉಳಿದುದನ್ನು ಹುಲ್ಲಿಗೆ, ಗಿಡಕ್ಕೆ ಬಿಡಿ. ಕಣಿಯನ್ನು ಉಳಿಸಿಕೊಂಡು ನೀರನ್ನು ಧರೆಯಿಂದ ದೂರ, ನೆಲ ಗಟ್ಟಿಯಾಗಿರುವ ಕಡೆಗೆ ಒಯ್ಯಿರಿ. ಮೂರನೆಯದು ಕೆಲಸಗಾರರ ಮಾತು. ಬಿಲ್ಲೆ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇದೆ; ರಾಜಸ್ಥಾನದ ಮರಳುಗಲ್ಲಿನ ಗಣಿಗಳಲ್ಲಿ ದುಡಿದವರ ಶ್ವಾಸಕೋಶವನ್ನು ತಿಂದ ಸಿಲಿಕೋಸಿಸ್ ಅದರಿಂದಲೇ ಬರುವುದು. ಅಮೆರಿಕದಲ್ಲಿ 2016ರ ನಿಯಮವು ಕೆಲಸದ ಸ್ಥಳದ ಗಾಳಿಯಲ್ಲಿ ಅದರ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೋಗ್ರಾಂಗೆ ಇಳಿಸಿದೆ. ಅಲ್ಲಿ ನೀರು ಹಾಯಿಸುತ್ತಾ ಕತ್ತರಿಸುವುದು ವಾಡಿಕೆ. ನಮ್ಮ ಹುಡುಗರು ಬಾಯಿಗೆ ಟವೆಲು ಕಟ್ಟಿ ಒಣಗಲ್ಲು ಕತ್ತರಿಸುತ್ತಾರೆ. ಕೆಲಸ ಕೊಡುವವರು ಒಂದು ಕೊಡ ನೀರನ್ನಾದರೂ ಬಳಿಯಲ್ಲಿಡಿ.

ಕಡೆಯದು ವಿದ್ಯಾರ್ಥಿಗಳಿಗೆ. ಈ ಮಳೆಗಾಲದಲ್ಲಿ ಕೊಡೆ ಹಿಡಿದು ನಿಮ್ಮ ಊರಿನ ಮನೆಗಳ ಅಂಗಳದಿಂದ ನೀರು ಹೊರಡುವ ದಾರಿಯನ್ನು ಕಾಗದದ ಮೇಲೆ ಗುರುತಿಸಿರಿ. ಎಲ್ಲಿ ಅದು ಧರೆಗೆ ಬೀಳುತ್ತದೆ, ಎಲ್ಲಿ ಪಕ್ಕದವರ ಗದ್ದೆಗೆ ನುಗ್ಗುತ್ತದೆ, ಯಾವ ಕಣಿ ಮುಚ್ಚಿದೆ ಎಂಬ ನಕ್ಷೆ ಸಿದ್ಧವಾದರೆ ಅದನ್ನು ಗ್ರಾಮಸಭೆಯ ಮುಂದಿಡಬಹುದು. ಹೊಸ ಮನೆಗೆ ಪರವಾನಗಿ ಕೊಡುವಾಗ ಮಳೆನೀರಿನ ದಾರಿಯನ್ನೂ ತೋರಿಸಬೇಕೆಂದು ಪಂಚಾಯತಿಯನ್ನು ಕೇಳಲು ಆ ನಕ್ಷೆಯೇ ನಮ್ಮ ಆಧಾರವಾದೀತು.